ಫ್ರಾನ್ಸ್ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ: ಇಬ್ಬರು, 10 ದಿನ, ಶಾಕಾಹಾರಿಗಳು. ಸಲಹೆ ಬೇಕು

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೆ, ಕಳೆದ ವರ್ಷ ನಿವೃತ್ತಿ ಆಯಿತು. ನನಗೆ 60, ನಮ್ಮ ಯಜಮಾನರಿಗೆ 63. ಇಬ್ಬರೂ ದಿನಾ ಬೆಳಗ್ಗೆ ಸೈಕಲ್ ಹೊಡೆಯುತ್ತೇವೆ. ಗಾಜನೂರು ಡ್ಯಾಮಿನ ತನಕ ಹೋಗಿ ಬರುವುದು ನಮಗೆ ಸಲೀಸು.

ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಅವಳನ್ನು ನೋಡಲು ಹೋಗುತ್ತಿದ್ದೇವೆ. ಪ್ಯಾರಿಸ್ ನೋಡಿ ಆದಮೇಲೆ 10 ದಿನ ಹಳ್ಳಿ ಕಡೆ ಸೈಕಲ್‌ನಲ್ಲೇ ಸುತ್ತಬೇಕು ಅಂತ ಇಬ್ಬರಿಗೂ ಆಸೆ. ದಿನಕ್ಕೆ 30–35 ಕಿ.ಮೀ. ಸಾಕು. ಟೆಂಟ್ ಬೇಡ, ರೂಮೇ ಬೇಕು.

ಯಾವ ದಾರಿ ಹಿಡಿಯಬೇಕು? ಸೈಕಲ್ ಇಲ್ಲಿಂದಲೇ ಒಯ್ಯಬೇಕಾ? ನಾವು ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಹಳ್ಳಿಯಲ್ಲಿ ಊಟಕ್ಕೆ ಏನು ಮಾಡುವುದು? ಫ್ರೆಂಚ್ ಒಂದಕ್ಷರ ಬರುವುದಿಲ್ಲ. ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಗಾರೋನ್ ದಂಡೆ:

ಮೇಡಂ, ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು. ನಾನು ಟುಲೂಸ್‌ನಲ್ಲಿದ್ದೇನೆ, ವಿಮಾನದ ಕಸುಬು. ಒಂಬತ್ತು ವರ್ಷದಿಂದ ಇಲ್ಲೇ ಸೈಕಲ್ ತುಳಿಯುತ್ತಿದ್ದೇನೆ.

ಯಾರನ್ನು ಕೇಳಿದರೂ ಮೊದಲು ಲ್ವಾರ್ ನದಿಯ ದಾರಿ ಹೇಳುತ್ತಾರೆ. ಸುಮಾರು 900 ಕಿ.ಮೀ., ನೆವೇರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದ ತನಕ. ದಾರಿಯುದ್ದಕ್ಕೂ ಅರಮನೆಗಳು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಜೂನ್‌ನಲ್ಲಿ ಅಲ್ಲಿ ಜನ ಜಾಸ್ತಿ, ರೂಮಿನ ಬೆಲೆಯೂ ಜಾಸ್ತಿ. ನೀವು ಹಳ್ಳಿ ಅಂದಿದ್ದೀರಿ. ಹಾಗಾದರೆ ನನ್ನ ಸಲಹೆ ಬೋರ್ಡೋದಿಂದ ಟುಲೂಸ್‌ಗೆ, ಗಾರೋನ್ ಕಾಲುವೆಯ ದಂಡೆಯ ಮೇಲೆ.

ಪ್ಯಾರಿಸ್‌ನಿಂದ ಬೋರ್ಡೋಗೆ ವೇಗದ ರೈಲಿನಲ್ಲಿ ಎರಡು ತಾಸು ಚಿಲ್ಲರೆ. ಬೋರ್ಡೋದಿಂದ ಸೋವ್‌ತೇರ್ ಅನ್ನುವ ಊರಿನ ತನಕ 57 ಕಿ.ಮೀ. ಹಳೇ ರೈಲು ಹಾದಿ. ಹಳಿ ಕಿತ್ತು ಸೈಕಲ್ ದಾರಿ ಮಾಡಿದ್ದಾರೆ. ಗುಡ್ಡಗಾಡಾದರೂ ರೈಲಿಗಾಗಿ ಮಾಡಿದ ಏರು, ಹಾಗಾಗಿ ಕಾಲಿಗೆ ಗೊತ್ತೇ ಆಗುವುದಿಲ್ಲ. ಎರಡೂ ಕಡೆ ದ್ರಾಕ್ಷಿ ತೋಟ, ನಡುವೆ ಒಂದು ಸುರಂಗ. ಸೋವ್‌ತೇರ್ ಪುಟ್ಟ ಊರು. ಹಳೇ ಕೋಟೆಯ ನಾಲ್ಕು ಬಾಗಿಲು ಇನ್ನೂ ನಿಂತಿವೆ. ಅಲ್ಲಿಂದ ಹಳ್ಳಿ ರಸ್ತೆಯಲ್ಲಿ ಲ ರೆಯೋಲ್‌ಗೆ ಇಳಿದರೆ ಕಾಲುವೆ ಸಿಗುತ್ತದೆ. ಆಮೇಲೆ ಟುಲೂಸ್ ತನಕ ಟಾರು ಹಾಕಿದ ದಂಡೆ. ಕಾರಿಲ್ಲ, ಬೈಕಿಲ್ಲ. ಲಾಕ್ ಗೇಟು, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲು, ಇರುವ ಕಡೆ ಹತ್ತು ಹೆಜ್ಜೆ ಏರು ಬರುತ್ತದೆ, ಅಷ್ಟೇ.

ಒಟ್ಟು 260 ಕಿ.ಮೀ. ಆಸುಪಾಸು. ನಿಮ್ಮ ಲೆಕ್ಕಕ್ಕೆ ಸರಿಯಾಗಿದೆ. ಇನ್ನೊಂದು ಅನುಕೂಲ ಇದೆ. ಕಾಲುವೆಯ ಪಕ್ಕದಲ್ಲೇ ಬೋರ್ಡೋ–ಟುಲೂಸ್ ರೈಲು ಮಾರ್ಗ. ಸುಸ್ತಾದರೆ, ಮಳೆ ಹಿಡಿದರೆ, ಹತ್ತಿರದ ಸ್ಟೇಷನ್ನಿಗೆ ಹೋಗಿ ಸೈಕಲ್ ಸಮೇತ ಲೋಕಲ್ ರೈಲು ಹತ್ತಬಹುದು. ಆ ಧೈರ್ಯ ಇದ್ದರೆ ಮನಸ್ಸು ಹಗುರ.

ಸೈಕಲ್ ಒಯ್ಯಬೇಡಿ. ಬೋರ್ಡೋದಲ್ಲಿ ಬಾಡಿಗೆಗೆ ತಗೊಂಡು ಟುಲೂಸ್‌ನಲ್ಲಿ ವಾಪಸ್ ಕೊಡುವ ಏರ್ಪಾಡು ಇದೆ. ಮೊದಲೇ ಬುಕ್ ಮಾಡಿ.

ಹಳೇ ಗೇರು:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ದೂರದ ಸೈಕಲ್ ಓಟಗಳಲ್ಲಿ ಭಾಗವಹಿಸುವವನು. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಗೊತ್ತಿರಬಹುದು: 1,200 ಕಿ.ಮೀ., 90 ಗಂಟೆ, ನಾಲ್ಕು ವರ್ಷಕ್ಕೊಮ್ಮೆ. 1891ರಲ್ಲಿ ಶುರುವಾದದ್ದು. 2019ರಲ್ಲೂ 2023ರಲ್ಲೂ ನಮ್ಮ ಕಡೆಯವರು ಹೋಗಿದ್ದರು, ನಾನೂ ಒಮ್ಮೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಹಳ್ಳಿಯ ಮನೆಯವರು ಗೇಟಿನ ಮುಂದೆ ಮೇಜು ಹಾಕಿ ಕಾಫಿ, ನೀರು ಇಟ್ಟುಕೊಂಡು ಕೂತಿರುತ್ತಾರೆ. ದುಡ್ಡು ಕೊಟ್ಟರೆ ಬೇಡ ಅನ್ನುತ್ತಾರೆ. ಒಬ್ಬ ಹುಡುಗ ನಿದ್ದೆಗಣ್ಣಿನಲ್ಲಿ ನನ್ನ ಬಾಟ್ಲಿ ಕಿತ್ತುಕೊಂಡು ಓಡಿಹೋಗಿ ತುಂಬಿಸಿ ತಂದ. ಆ ದೇಶದ ಹಳ್ಳಿಯಲ್ಲಿ ಸೈಕಲ್ ಅಂದರೆ ಮನೆಮಂದಿಯ ವಿಷಯ.

ಗಾರೋನ್ ದಂಡೆಯವರು ಹೇಳಿದ ರೈಲು ಹಾದಿಗೆ ರೊಜೇ ಲಾಪೆಬಿ ಹೆಸರಿಟ್ಟಿದ್ದಾರೆ. 1937ರ ಟೂರ್ ಡಿ ಫ್ರಾನ್ಸ್ ಗೆದ್ದವರು. ಈಗ ನಮ್ಮ ಸೈಕಲ್‌ನಲ್ಲೆಲ್ಲ ಇರುವಂಥ ಗೇರು ಬದಲಿಸುವ ವ್ಯವಸ್ಥೆಗೆ ಆ ಓಟದಲ್ಲಿ ಅನುಮತಿ ಸಿಕ್ಕಿದ್ದೂ ಅದೇ ವರ್ಷ. ಅದಕ್ಕೂ ಎಷ್ಟೋ ಮೊದಲು, ಗೇರು ಬೇಕು, ಸಾಮಾನ್ಯ ಜನ ಬೆಟ್ಟ ಹತ್ತಬೇಕು ಅಂತ ಹಠ ಹಿಡಿದು ಬರೆದವರು ಸೇಂತ್ ಎಟಿಯೆನ್ ಊರಿನ ಪಾಲ್ ದ ವಿವಿ. ವೆಲೋಸಿಯೋ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದರು. 1930ರಲ್ಲಿ ತೀರಿಕೊಂಡರು. ಅವರ ಮಾತು ನಿಮಗೂ ಬೇಕಾದದ್ದೇ: ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ. ಅಂದಹಾಗೆ ಮೇಡಂ, ಅವರೂ ಶಾಕಾಹಾರಿ.

ಬಾಡಿಗೆ ಸೈಕಲ್ ತಗೊಳ್ಳುವಾಗ ಅರ್ಧ ಗಂಟೆ ಅಲ್ಲೇ ಓಡಿಸಿ ನೋಡಿ. ಒಮ್ಮೆ ಒಂದು ಅಂಗಡಿಯಲ್ಲಿ ಅವಸರ ಮಾಡಿ ತಗೊಂಡೆ. ಎರಡನೇ ದಿನ ಇಳಿಜಾರಿನಲ್ಲಿ ನೋಡಿದರೆ ಹಿಂದಿನ ಬ್ರೇಕ್ ರಬ್ಬರ್ ಪೂರ್ತಿ ಸವೆದಿತ್ತು. ಸೀಟಿನ ಎತ್ತರ ನಿಮ್ಮ ಕಾಲಿಗೆ ಹೊಂದಿಸಿಕೊಂಡು ಅಲ್ಲೇ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಅಲ್ಲಿನ ಟ್ಯೂಬಿನ ವಾಲ್ವ್ ಬಹಳ ಸಲ ಸಣ್ಣ ಮೂತಿಯದು. ನಮ್ಮ ಮಾಮೂಲಿ ಪಂಪು ಕೂರುವುದಿಲ್ಲ. ಪಂಪು, ಎರಡು ಟ್ಯೂಬು, ಟೈರು ಬಿಚ್ಚುವ ಕಡ್ಡಿ ಅಂಗಡಿಯವರಿಂದಲೇ ಕೇಳಿ ತಗೊಳ್ಳಿ.

ಪೇಡೆ ಧಾರವಾಡ:

ಎಲ್ಲರೂ ಕಾಲುವೆ ಕಾಲುವೆ ಅಂತೀರಲ್ರೀ. ನಾನು ಒಂದು ಬೇರೆ ಮಾತು ಹೇಳುತ್ತೇನೆ. ಕಾಲುವೆ ದಂಡೆ ಮೇಲೆ ಸಿಗುವುದು ಪ್ರವಾಸಿಗರು. ಹಳ್ಳಿ ಬೇಕು ಅಂದರೆ ಡಿ ಅಕ್ಷರದ ರಸ್ತೆ ಹಿಡಿಯಬೇಕು. ಅವು ಜಿಲ್ಲಾ ರಸ್ತೆಗಳು. ನಕ್ಷೆಯಲ್ಲಿ ಬಿಳಿ ಗೆರೆಯಾಗಿ ಇರುವುದನ್ನು ಹುಡುಕಿರಿ. ಅರ್ಧ ತಾಸಿಗೆ ಒಂದು ಟ್ರ್ಯಾಕ್ಟರ್ ಬಂದರೆ ದೊಡ್ಡದು. ರಸ್ತೆ ಬದಿಗೆ ಹಳದಿ ಟೋಪಿ ಹಾಕಿದಂಥ ಮೈಲುಗಲ್ಲು, ಅದರ ಮೇಲೆ ರಸ್ತೆಯ ನಂಬರು. ಆ ಕಲ್ಲಿಗೆ ಸೈಕಲ್ ಒರಗಿಸಿ ಬ್ರೆಡ್ಡು ತಿಂದ ನೆನಪು ನನಗೆ ಯಾವ ಅರಮನೆ ನೋಡಿದ್ದಕ್ಕಿಂತ ಹೆಚ್ಚು.

ನಾನು ಓಬ್ರಾಕ್ ಅನ್ನುವ ಎತ್ತರದ ಬಯಲಿನಲ್ಲಿ ತಿರುಗಿದೆ. ಸುತ್ತ ಹುಲ್ಲುಗಾವಲು, ಗಂಟೆ ಕಟ್ಟಿದ ದನ, ಕಲ್ಲಿನ ಮನೆ. ಅಲ್ಲಿ ಅಲಿಗೋ ಅಂತ ಮಾಡುತ್ತಾರೆ. ಬೇಯಿಸಿದ ಆಲೂಗಡ್ಡೆಗೆ ಎಳೇ ಚೀಸ್ ಹಾಕಿ ದೊಡ್ಡ ಕೋಲಿನಲ್ಲಿ ತಿರುವಿ ತಿರುವಿ ಮೊಳದುದ್ದ ಎಳೆ ಬರುವ ಹಾಗೆ ಮಾಡುವುದು. ನೋಡುತ್ತ ನಿಂತರೆ ನಮ್ಮ ಅವ್ವ ಝುಣಕ ತಿರುವಿದ ಹಾಗೇ ಕಾಣಿಸಿತು.

ಗಾರೋನ್ ದಂಡೆ:

ಪೇಡೆ ಸರ್, ಓಬ್ರಾಕ್ ಬಗ್ಗೆ ನೀವು ಹೇಳಿದ್ದು ಅಕ್ಷರಶಃ ನಿಜ. ಆದರೆ ಅಲ್ಲಿ 1,000 ಮೀಟರ್ ಮೇಲೆ ಹತ್ತಬೇಕು. ಮೊದಲ ಸಲ ಹೋಗುವ 60 ದಾಟಿದ ದಂಪತಿಗೆ, ಬಾಡಿಗೆ ಸೈಕಲ್‌ನಲ್ಲಿ, ಸಾಮಾನು ಹೊತ್ತು? ನಾನು ಕಳಿಸುವುದಿಲ್ಲ.

ಇಬ್ಬರ ಮಾತೂ ನಡೆಯುವ ಹಾಗೆ ಒಂದು ಹೇಳುತ್ತೇನೆ. ಕಾಲುವೆ ನಿಮ್ಮ ಬೆನ್ನೆಲುಬು ಇರಲಿ. ದಿನಕ್ಕೊಂದು ಸಲ ದಂಡೆ ಬಿಟ್ಟು ಪಕ್ಕದ ಊರಿಗೆ ಹತ್ತಿ. ಮಾರ್ಮಾಂದ್ ಊರಿನ ಟೊಮೆಟೊ ಹೆಸರುವಾಸಿ, ಅಲ್ಲಿ ಸಂತೆಗೆ ಹೋಗಿ. ಲ ಮಾಸ್ ದಜನೆ ಅಂತ ಒಂದು ಹಳ್ಳಿ ದಿಬ್ಬದ ಮೇಲಿದೆ. ಅದರ ಚರ್ಚಿನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1631ರಲ್ಲಿ ಬರೆದ, ಶಿಲುಬೆಯ ಮೇಲಿನ ಯೇಸುವಿನ ಚಿತ್ರ ಇದೆ. ಮ್ಯೂಸಿಯಂ ಅಲ್ಲ, ಹಳ್ಳಿಯ ಚರ್ಚು! ವಾಲಾನ್ಸ್ ಹತ್ತಿರ ಓವಿಲಾರ್ ಇದೆ. ನದಿ ದಾಟಿ ಒಂದು ಏರು ಹತ್ತಿದರೆ ದುಂಡಗೆ ಕಟ್ಟಿದ ಹಳೇ ಕಾಳಿನ ಮಾರುಕಟ್ಟೆ. ಅಜೆನ್ ಊರಲ್ಲಿ ಕಾಲುವೆಯೇ ನದಿಯನ್ನು ದಾಟುತ್ತದೆ. 23 ಕಮಾನಿನ ಸೇತುವೆ, ಮೇಲೆ ದೋಣಿ, ಪಕ್ಕದಲ್ಲಿ ನೀವು, ಕೆಳಗೆ ಗಾರೋನ್. ಮ್ವಾಸಾಕ್‌ನಲ್ಲಿ ಮಠದ ಕಲ್ಲಿನ ಅಂಗಳ ತಪ್ಪಿಸಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಇಲ್ಲಿ ಪ್ಲಾನು ಮಾಡಬೇಕಾದ್ದು ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ, ಊರಿನ ಗಡಿಯಾರದ ಲೆಕ್ಕದಲ್ಲಿ. ನಮ್ಮಲ್ಲಿ ಎಷ್ಟು ಹೊತ್ತಿಗೆ ಹೋದರೂ ಒಂದು ಹೋಟೆಲ್, ಒಂದು ಗೂಡಂಗಡಿ ಇರುತ್ತದೆ ಅಲ್ವಾ? ಇಲ್ಲಿ ಹಾಗಿಲ್ಲ. ಮಧ್ಯಾಹ್ನ 12ರಿಂದ 2ರ ತನಕ, ಕೆಲವು ಕಡೆ 3ರ ತನಕ, ಹಳ್ಳಿಯ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ಹೋಟೆಲಲ್ಲಿ ಊಟ ಕೊಡುವುದು ಆ ಹೊತ್ತಿನಲ್ಲೇ. ಒಂದೂವರೆ ದಾಟಿದರೆ ಅಡುಗೆಮನೆ ಬಂದ್. ಮತ್ತೆ ಶುರುವಾಗುವುದು ರಾತ್ರಿ 7ಕ್ಕೆ ಅಥವಾ ಏಳೂವರೆಗೆ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಬಹಳ ಊರುಗಳು ನಿದ್ದೆ ಹೊಡೆಯುತ್ತವೆ. ಶನಿವಾರ ಸಂಜೆ ಎರಡು ದಿನದ ದಿನಸಿ ಬ್ಯಾಗಿನಲ್ಲಿರಬೇಕು. ಇದೊಂದು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಅವಲಕ್ಕಿ ಡಬ್ಬಿ:

ಅಕ್ಕ, ಊಟದ ವಿಷಯ ನಾನು ಹೇಳುತ್ತೇನೆ. ಉಡುಪಿಯವಳು, ಗಂಡನ ಜೊತೆ ಎರಡು ಸಲ ಹೋಗಿ ಬಂದಿದ್ದೇನೆ. ಹೆದರಬೇಡಿ, ಉಪವಾಸ ಬೀಳುವುದಿಲ್ಲ.

ಬೆಳಗ್ಗೆ ಆರೂವರೆ ಏಳಕ್ಕೆ ಬ್ರೆಡ್ ಅಂಗಡಿ ತೆಗೆಯುತ್ತಾರೆ. ಊರಿಗೆ ಹೊಕ್ಕರೆ ಮೂಗೇ ದಾರಿ ತೋರಿಸುತ್ತದೆ. ಒಳಗೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಕೇಳುವ ಹಾಗೆ 'ಬೋಂಜೂರ್' ಅನ್ನಬೇಕು. ಇದು ಬರೀ ಶಿಷ್ಟಾಚಾರ ಅಲ್ಲ, ಅದಿಲ್ಲದೆ ಮಾತೇ ಶುರುವಾಗುವುದಿಲ್ಲ. ಆಮೇಲೆ 'ಉನ್ ತ್ರಾದಿಸ್ಯೋ' ಅನ್ನಿ. ಹಳೇ ಪದ್ಧತಿಯ ಉದ್ದ ಬ್ರೆಡ್ಡು. 1993ರ ಸರ್ಕಾರಿ ಆದೇಶದ ಪ್ರಕಾರ ಅದಕ್ಕೆ ಕೆಡದಂತೆ ಇಡುವ ಪುಡಿ ಗಿಡಿ ಹಾಕುವ ಹಾಗಿಲ್ಲ. ಹಿಟ್ಟು, ನೀರು, ಉಪ್ಪು, ಹುದುಗು. ಬಿಸಿ ಇದ್ದಾಗ ತಗೊಂಡು ತುದಿ ಮುರಿದು ನೋಡಿ. ಹೊರಗೆ ಗರಿಗರಿ ಸಿಪ್ಪೆ ಪುಡಿಯಾಗಿ ಕೈ ತುಂಬಾ ಉದುರುತ್ತದೆ, ಒಳಗೆ ದೋಸೆಯ ಹಾಗೆ ತೂತು ತೂತು, ಸ್ವಲ್ಪ ಹುಳಿ. ನಮ್ಮವರು ಅಂಗಡಿಯಿಂದ ಸೈಕಲ್ ತನಕ ಬರುವಷ್ಟರಲ್ಲಿ ಅರ್ಧ ಮುಗಿಸಿಬಿಡುತ್ತಿದ್ದರು. ಸಂಜೆಗೆ ಅದು ಕಟ್ಟಿಗೆಯಾಗುತ್ತದೆ, ದಿನದಿನವೇ ತಗೊಳ್ಳಬೇಕು. ಅಂಗಡಿಯಿಲ್ಲದ ಕೆಲವು ಊರಿನಲ್ಲಿ ಬ್ರೆಡ್ಡಿನ ಮೆಷಿನ್ ಇರುತ್ತದೆ. ನಾಣ್ಯ ಹಾಕಿದರೆ ಬ್ರೆಡ್ಡು ಬೀಳುತ್ತದೆ.

ಚೀಸ್ ಬಗ್ಗೆ ಒಂದು ಮಾತು. ಅಲ್ಲಿನ ಸಾಂಪ್ರದಾಯಿಕ ಚೀಸುಗಳಲ್ಲಿ ಹೆಚ್ಚಿನವಕ್ಕೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರು ಅದನ್ನು ಕೇಳಿಯೇ ತಗೊಳ್ಳಬೇಕು. ಹೋಟೆಲಿನಲ್ಲಿ ಮೇಕೆ ಚೀಸಿನ ಸಲಾಡ್ ಕೇಳಿದರೆ ಮೇಲೆ ಹಂದಿಮಾಂಸದ ಸಣ್ಣ ತುಂಡು ಉದುರಿಸುವುದು ವಾಡಿಕೆ. 'ಸಾನ್ ಲಾರ್ದೋನ್' ಅಂತ ಮೊದಲೇ ಹೇಳಿ. ಮೊಟ್ಟೆ ತಿನ್ನುತ್ತೀರಲ್ಲ, ಆಮ್ಲೆಟ್ ಎಲ್ಲ ಕಡೆ ಸಿಗುತ್ತದೆ. ಹಳ್ಳಿಗಳಿಗೆ ವಾರಕ್ಕೊಂದು ಸಂಜೆ ಪಿಜ್ಜಾ ಗಾಡಿ ಬರುತ್ತದೆ. ಯಾವ ದಿನ ಅಂತ ರೂಮಿನವರನ್ನು ಕೇಳಿ.

ನಾನು ಒಯ್ದದ್ದು: ತೆಳು ಅವಲಕ್ಕಿ, ಚಟ್ನಿಪುಡಿ, ಹುರಿದ ಶೇಂಗಾ. ಒಲೆ ಬೇಡ. ಮರದ ಕೆಳಗೆ ಕೂತು ಅವಲಕ್ಕಿಗೆ ಚಟ್ನಿಪುಡಿ, ಹೆಚ್ಚಿದ ಟೊಮೆಟೊ, ಒಂದು ಚಮಚ ಎಣ್ಣೆ ಕಲಸಿದರೆ ಊಟ. ತುಪ್ಪ, ಹಾಲಿನ ಸಿಹಿ ಮಾತ್ರ ಕಟ್ಟಬೇಡಿ. ಯುರೋಪಿನೊಳಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ರವೆ ಅಲ್ಲೇ ಸೂಪರ್ ಮಾರ್ಕೆಟ್‌ನಲ್ಲಿ 'ಸೆಮೂಲ್' ಅಂತ ಸಿಗುತ್ತದೆ. ಅಡುಗೆಮನೆ ಇರುವ ರೂಮು ಸಿಕ್ಕಿದ ದಿನ ಉಪ್ಪಿಟ್ಟು ಮಾಡಿ.

ತುಂಗಾತೀರ:

ಅವಲಕ್ಕಿ ಉಪಾಯ ತುಂಬಾ ಇಷ್ಟವಾಯಿತು. ನೀರಿಗೆ ಏನು ಮಾಡುತ್ತೀರಿ? ಬಿಸಿಲು ಹೇಗೆ?

ಹಳೇ ಗೇರು:

ನೀರಿಗೆ ಸ್ಮಶಾನ, ಮೇಡಂ! ಗಾಬರಿಯಾಗಬೇಡಿ. ಪ್ರತಿ ಹಳ್ಳಿಯ ಹೊರಗೆ ಗೋಡೆ ಕಟ್ಟಿದ ಸ್ಮಶಾನ ಇರುತ್ತದೆ. ಸಮಾಧಿಯ ಹೂಕುಂಡಕ್ಕೆ ಹಾಕಲು ಒಳಗೆ ನಲ್ಲಿ ಇಟ್ಟಿರುತ್ತಾರೆ. ಸೈಕಲ್‌ನವರೆಲ್ಲ ಅಲ್ಲೇ ತುಂಬಿಸಿಕೊಳ್ಳುವುದು. 'ನೋನ್ ಪೋತಾಬ್ಲ್' ಅಂತ ಬೋರ್ಡ್ ಇದ್ದರೆ ಮಾತ್ರ ಕುಡಿಯಬೇಡಿ. ಮೆಲ್ಲಗೆ ಹೋಗಿ, ಗೇಟು ಹಾಕಿ ಬನ್ನಿ.

ಬಿಸಿಲಿನ ಲೆಕ್ಕ ಅಲ್ಲಿ ಬೇರೆ. ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುತ್ತಾರೆ. ಆ ಕಡೆ ಸೂರ್ಯ ನೆತ್ತಿಗೆ ಬರುವುದೇ ಹೆಚ್ಚುಕಡಿಮೆ ಮಧ್ಯಾಹ್ನ ಎರಡು ಗಂಟೆಗೆ. ಹಾಗಾಗಿ ಧಗೆ ಜಾಸ್ತಿ ಆಗುವುದು ಸಂಜೆ ನಾಲ್ಕು ಐದಕ್ಕೆ. ನಮ್ಮ ಅಭ್ಯಾಸದಂತೆ 'ಮೂರು ಗಂಟೆ ಆಯಿತು, ಇನ್ನು ತಂಪು' ಅಂತ ಹೊರಟರೆ ಮೋಸ ಹೋಗುತ್ತೀರಿ. ಬೆಳಗ್ಗೆ ಏಳಕ್ಕೆ ಹೊರಟು 12ರೊಳಗೆ ಊರು ಸೇರಿ. ಊಟದ ಹೊತ್ತೂ ಸರಿಹೋಗುತ್ತದೆ.

ಪೇಡೆ ಧಾರವಾಡ:

ಡಾಂಬರು ರಸ್ತೆಗೆ ಹೋದಾಗ ಒಂದು ನೆನಪಿಡಿರಿ. ಬೋರ್ಡು ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ಬಂದರೂ ಅಷ್ಟೇ. ನೀವು ಓಡಿಸುವುದೂ ಬಲಗಡೆಗೇ. ಊರ ಹೊರಗೆ ಕಾರಿನವರು ನಿಮ್ಮನ್ನು ಹಿಂದೆ ಹಾಕುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನು ಇದೆ. ಬಹಳ ಮಂದಿ ಬಿಡುತ್ತಾರೆ. ಜಾಗ ಇಲ್ಲದಿದ್ದರೆ ಹಾರ್ನ್ ಹೊಡೆಯದೆ ಹಿಂದೆ ಹಿಂದೆ ಬರುತ್ತಾರೆ. ಮೊದಲ ದಿನ ನನಗೆ ಅದು ನಂಬಲಿಕ್ಕೇ ಆಗಲಿಲ್ಲ.

ಗಾರೋನ್ ದಂಡೆ:

ಗಾಳಿ ಬಗ್ಗೆ ಹೇಳುವುದು ಮರೆತೆ. ಬೋರ್ಡೋದಿಂದ ಹೊರಟರೆ ಪಶ್ಚಿಮದ ಗಾಳಿ ಬೆನ್ನಿಗೆ ಬರುತ್ತದೆ. ಆದರೆ ಟುಲೂಸ್ ಕಡೆ ಓತಾನ್ ಅಂತ ಒಂದು ಗಾಳಿ ಇದೆ, ಆಗ್ನೇಯದಿಂದ ಬೀಸುವುದು. ಅದು ಎದ್ದರೆ ನೇರ ಎದೆಗೇ. ಕೊನೇ ಎರಡು ದಿನ ಹವಾಮಾನ ನೋಡಿಕೊಳ್ಳಿ.

ತುಂಗಾತೀರ:

(ಜುಲೈ) ಹೋಗಿ ಬಂದೆವು! ನಿಮಗೆಲ್ಲ ಹೇಗೆ ಧನ್ಯವಾದ ಹೇಳಲಿ. ಹೇಗಾಯಿತು ಅಂತ ವರದಿ ಬರೆಯುತ್ತಿದ್ದೇನೆ.

ಒಂಬತ್ತು ದಿನ ತುಳಿದೆವು. ಪಂಕ್ಚರ್ ಒಂದೇ, ಅದೂ ಮಾರ್ಮಾಂದ್ ದಾಟಿದ ಮೇಲೆ. ನಮ್ಮವರು ಟ್ಯೂಬು ಬದಲಿಸುತ್ತಿದ್ದಾಗ ಲಾಕ್ ಗೇಟಿನ ಮನೆಯ ಅಜ್ಜಿಯೊಬ್ಬರು ಬಂದರು. ಒಂದು ಬಕೆಟ್ ನೀರು, ಒಂದು ಹಳೇ ಟವೆಲ್ ಇಟ್ಟು ಸುಮ್ನೆ ಹೋದರು. ತೂತು ಹುಡುಕಲು ನೀರು, ಕೈ ಒರೆಸಲು ಟವೆಲ್. ನಮ್ಮೂರಿನ ಸೈಕಲ್ ಶಾಪಿನ ಬೋಗುಣಿ ನೆನಪಾಯಿತು. ತೂತು ಸಿಕ್ಕಿತು, ಹಳೇ ಟ್ಯೂಬಿಗೇ ತೇಪೆ ಹಾಕಿದರು.

ಊರಿನ ಗಡಿಯಾರದ ಮಾತು ನೂರಕ್ಕೆ ನೂರು ನಿಜ. ಮೊದಲ ಎರಡು ದಿನ ತಪ್ಪಿದೆವು. ಸೋವ್‌ತೇರ್‌ಗೆ ಹೋದಾಗ ಒಂದೂಮುಕ್ಕಾಲು. ಹೋಟೆಲಿನಾಕೆ ಗೋಡೆಯ ಗಡಿಯಾರ ತೋರಿಸಿ, ನಿಜಕ್ಕೂ ಬೇಜಾರಿನಿಂದಲೇ ತಲೆ ಆಡಿಸಿದರು. ಅಂದು ಅವಲಕ್ಕಿ ಕಾಪಾಡಿತು. ಮೂರನೇ ದಿನದಿಂದ ಏಳಕ್ಕೆ ಹೊರಟು, 11ಕ್ಕೆ ಸೈಕಲ್ ನಿಲ್ಲಿಸಿ, ಚರ್ಚಿನ ಗಂಟೆ 12 ಹೊಡೆಯುವಾಗ ಊಟಕ್ಕೆ ಕೂತೆವು. ಹಾಗೆ ಕೂತ ಮೇಲೆ ಊರು ನಮ್ಮ ಕಡೆ ತಿರುಗಿತು. ಪಕ್ಕದ ಟೇಬಲ್ಲಿನವರು ಮಾತಾಡಿಸುತ್ತಾರೆ. ಎಲ್ಲಿಂದ ಬಂದಿರಿ, ಎಷ್ಟು ತುಳಿದಿರಿ ಅಂತ ಕೈಸನ್ನೆಯಲ್ಲೇ ಕೇಳುತ್ತಾರೆ. ಹೊರಡುವಾಗ 'ಬೋನ್ ರೂತ್', ಅಂದರೆ ಪ್ರಯಾಣ ಚೆನ್ನಾಗಿರಲಿ, ಅನ್ನುತ್ತಾರೆ. ಒಬ್ಬರು ಒಣ ಪ್ಲಮ್ ಹಣ್ಣಿನ ಪೊಟ್ಟಣ ಕೈಯಲ್ಲಿಟ್ಟರು. ಅದು ಅಜೆನ್ ಕಡೆಯ ಹೆಸರಾಂತ ಬೆಳೆಯಂತೆ. ಎರಡು ದಿನ ಅದನ್ನೇ ಜೇಬಿನಲ್ಲಿಟ್ಟುಕೊಂಡು ತಿಂದೆವು.

ಅಜೆನ್ ಸೇತುವೆಯ ಮೇಲೆ ಸೈಕಲ್ ಇಳಿದು ನಡೆದೆವು. ಒಂದು ದೋಣಿ ನಮ್ಮ ಪಕ್ಕದಲ್ಲೇ ನಡಿಗೆಯ ವೇಗದಲ್ಲಿ ಬಂತು. ಕೆಳಗೆ ನದಿ, ಮೇಲೆ ದೋಣಿ! ನಮ್ಮವರು ಪಿ.ಡಬ್ಲ್ಯು.ಡಿ.ಯಲ್ಲಿ ಇದ್ದವರು. ಕಮಾನಿನ ಕಲ್ಲು ಕೂರಿಸಿದ ರೀತಿ ನೋಡುತ್ತ ಒಂದು ಗಂಟೆ ಅಲ್ಲೇ ನಿಂತರು.

ಮೋಂತೆಶ್‌ನಲ್ಲಿ 1974ರಲ್ಲಿ ಕಟ್ಟಿದ ನೀರಿನ ಇಳಿಜಾರು ನೋಡಿದೆವು. ಐದು ಲಾಕ್ ಹತ್ತುವ ಬದಲು ಎರಡು ಎಂಜಿನ್ನು ಸೇರಿ ನೀರನ್ನೇ ದೋಣಿ ಸಮೇತ ಮೇಲಕ್ಕೆ ತಳ್ಳುತ್ತಿದ್ದವಂತೆ. ಈಗ ನಿಂತಿದೆ, ನೋಡಲು ಇಟ್ಟಿದ್ದಾರೆ.

ಕೊನೇ ದಿನ ಓತಾನ್ ಎದ್ದಿತು. ಅಬ್ಬಾ! ಗಿಡಮರವೆಲ್ಲ ನಮ್ಮ ಕಡೆಗೇ ಬಗ್ಗಿದ್ದವು. ಎರಡು ತಾಸಿಗೆ 15 ಕಿ.ಮೀ. ಸಾಗಲಿಲ್ಲ, ನನ್ನ ಮಂಡಿ ನೋಯಲು ಶುರುವಾಯಿತು. ಗ್ರಿಜೋಲ್ ಸ್ಟೇಷನ್ನಿನಲ್ಲಿ ಸೈಕಲ್ ಸಮೇತ ರೈಲು ಹತ್ತಿದೆವು. ಬೇಸರ ಏನೂ ಆಗಲಿಲ್ಲ. ಕಿಟಕಿಯಿಂದ ನಾವು ತುಳಿಯಬೇಕಿದ್ದ ದಂಡೆ ಕಾಣಿಸುತ್ತಿತ್ತು.

ಕಾಫಿ ಕಣಿವೆ:

ಅಕ್ಕ, ಓದಿ ಕಣ್ಣು ತುಂಬಿ ಬಂತು. ನಾವೂ ಸೆಪ್ಟೆಂಬರ್‌ನಲ್ಲಿ ಹೋಗಬೇಕು ಅಂತಿದ್ದೇವೆ. ಟುಲೂಸ್ ದಾಟಿ ಮುಂದೆ ಸಮುದ್ರದ ತನಕ ಹೋಗಬಹುದಾ?

ಗಾರೋನ್ ದಂಡೆ:

ಅದು ಮಿದಿ ಕಾಲುವೆ, ಇನ್ನೂ 240 ಕಿ.ಮೀ. ಟುಲೂಸ್‌ನಿಂದ ಸುಮಾರು 50 ಕಿ.ಮೀ. ಟಾರು ದಾರಿ ಚೆನ್ನಾಗಿದೆ. ಆಮೇಲೆ ಬಹಳ ಕಡೆ ಮಣ್ಣು, ಮರದ ಬೇರು. ದಪ್ಪ ಟೈರು ಇಲ್ಲದಿದ್ದರೆ ಹೋಗಬೇಡಿ. ಆದರೆ ನೋರೂಜ್ ತನಕವಾದರೂ ಖಂಡಿತ ಹೋಗಿ. 189 ಮೀಟರ್ ಎತ್ತರದ ಜಾಗ. ಬೆಟ್ಟದಿಂದ ತಂದ ನೀರು ಅಲ್ಲಿ ಎರಡಾಗಿ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ಕಟ್ಟಿಸಿದವರು ಪಿಯರ್ ಪಾಲ್ ರಿಕೆ. ಉಪ್ಪಿನ ಸುಂಕ ವಸೂಲಿ ಮಾಡುತ್ತಿದ್ದವರು. 1681ರಲ್ಲಿ ಕಾಲುವೆ ತೆರೆಯುವ ಏಳು ತಿಂಗಳು ಮೊದಲು ತೀರಿಕೊಂಡರು.

ಒಂದು ಸಂಕಟದ ವಿಷಯ ಇದೆ. ಆ ದಂಡೆಯ ಸಾಲುಮರಗಳಿಗೆ ಶಿಲೀಂಧ್ರದ ರೋಗ ಬಂದಿದೆ. 2006ರಲ್ಲಿ ಕಂಡದ್ದು. ಪ್ಲೇನ್ ಅನ್ನುವ ಜಾತಿಯ 42,000 ಮರಗಳಿದ್ದವು, ಸಾವಿರಾರು ಕಡಿದಿದ್ದಾರೆ. ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಹಳೇ ನೆರಳು ಉಳಿದಿರುವಾಗಲೇ ಬನ್ನಿ.

ತುಂಗಾತೀರ:

ಸೆಪ್ಟೆಂಬರ್ ಆದರೆ ಮ್ವಾಸಾಕ್‌ನಲ್ಲಿ ದ್ರಾಕ್ಷಿ ಕಾಲ ಅಂತ ನಮ್ಮ ರೂಮಿನವರು ಹೇಳಿದರು. ಸಣ್ಣ, ಬಂಗಾರದ ಬಣ್ಣದ್ದು. ನಮಗೆ ಸಿಗಲಿಲ್ಲ, ನೀವು ತಿನ್ನಿ.

ಇನ್ನೊಂದು. ಲ ಮಾಸ್ ದಜನೆ ಚರ್ಚಿಗೆ ಬೆಳಗ್ಗೆಯೇ ಹೋಗಿ. ನಾವು ಮಧ್ಯಾಹ್ನ ಹತ್ತಿದೆವು, ಬಾಗಿಲು ಹಾಕಿತ್ತು. ಎದುರಿನ ಮರದ ಕೆಳಗೆ ಕೂತು ಕಾದೆವು. ಬಾಗಿಲು ತೆಗೆದಾಗ ಒಳಗೆ ನಾವಿಬ್ಬರೇ. ಚಿತ್ರ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಸುತ್ತ ಕತ್ತಲು, ಮುಖದ ಮೇಲೆ ಮಾತ್ರ ಬೆಳಕು. ನಮ್ಮವರು ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಮುಂದಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ನಾನು ಕರೆಯಲಿಲ್ಲ.